ನೆರೆಯಿಂದ ಪಾರಾದವರ ಮಾತು ಚಿತ್ರಕಥೆಯಾಗಲಿ



ಹೋದ ವರ್ಷ ಮುಂಗಾರಿಗೆ ಮುಂಚೆ ನಾನು ದೊಡ್ಡದೊಂದು ಹಾಳೆಯ ಮೇಲೆ ಹನ್ನೊಂದು ಸೂಚನೆಗಳನ್ನು ಬರೆದು, ನಮ್ಮ ಬ್ಲಾಕಿನ ಹೊಳೆದಂಡೆಯ ಒಂದು ಹಳ್ಳಿಯ ಚಾವಡಿಗೆ ಅಂಟಿಸಿ ಬಂದಿದ್ದೆ. "ನೆರೆಹಾವಳಿಯ ಕಾಲದಲ್ಲಿ ಪಾಲಿಸತಕ್ಕ ಕ್ರಮಗಳು" ಎಂದು ಅದರ ತಲೆಬರಹ. ಅಕ್ಷರಗಳು ದುಂಡಗೆ ಬಂದಿದ್ದವು, ನನಗೆ ಸಮಾಧಾನವಾಗಿತ್ತು. ಎಂಟು ದಿನ ಬಿಟ್ಟು ಅದೇ ಊರಿಗೆ ಹೋದಾಗ, ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕಾರು ಮಂದಿಯನ್ನು "ಆ ಹಾಳೆಯಲ್ಲಿ ಏನಿದೆ ಹೇಳಿ" ಎಂದು ಕೇಳಿದೆ.

"ಹೊಳಿ ಬಂದರ ದಿನ್ನಿಗೆ ಹೋಗ್ರಿ ಅಂತ ಇರಬೇಕು" ಎಂದರು ಒಬ್ಬರು. ಉಳಿದ ಹತ್ತು ಸೂಚನೆಗಳು ಒಬ್ಬರಿಗೂ ನೆನಪಿರಲಿಲ್ಲ. ಆಗ ಅಲ್ಲಿದ್ದ ಒಬ್ಬ ವಯಸ್ಸಾದ ಅಜ್ಜ ನಕ್ಕು ಹೇಳಿದ: "ತಮ್ಮಾ, ನೀ ಬರದದ್ದು ಖರೇ ಐತಿ. ಆದರ ಅದರಾಗ ಮನಷ್ಯಾರ ಇಲ್ಲಲ್ಲೋ."

ಹಾಗೆಂದವನು ಸುಮ್ಮನಾಗಲಿಲ್ಲ. 2009 ರ ನೆರೆಯ ರಾತ್ರಿ ತನ್ನ ಮನೆಯಲ್ಲಿ ನಡೆದದ್ದನ್ನು ಹೇಳತೊಡಗಿದ. ಕತ್ತಲಲ್ಲಿ ನೀರು ಅಂಗಳಕ್ಕೆ ಬಂತು. ಮನೆಯವರನ್ನೆಲ್ಲ ಗುಡಿಯ ದಿನ್ನೆಗೆ ಮುಟ್ಟಿಸಿದ ಮೇಲೆ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳ ನೆನಪಾಯಿತು. ಎದೆಮಟ್ಟದ ನೀರಿನಲ್ಲಿ ಮರಳಿ ಹೋದ. ನೀರು ಕುಡಿದು ಕಣ್ಣಿಯ ಗಂಟು ಬಿಗಿದುಹೋಗಿತ್ತು. ಉಗುರಿನಿಂದ ಬಿಚ್ಚಲು ಬರಲಿಲ್ಲ. ಜಂತಿಗೆ ಸಿಕ್ಕಿಸಿದ್ದ ಕುಡಗೋಲು ಕೈಗೆ ಸಿಕ್ಕಿತು. ಒಂದು ಎತ್ತಿನ ಕಣ್ಣಿ ಕೊಯ್ದ, ಅದು ಈಜಿ ಹೋಯಿತು. ಇನ್ನೊಂದರ ಹತ್ತಿರ ಹೋಗುವಷ್ಟರಲ್ಲಿ ಗೋಡೆ ಕುಸಿಯಿತು.

"ಅವತ್ತಿನಿಂದ ಮಳಿಗಾಲದಾಗ ತುದಿ ಹಿಡದು ಎಳದರ ಬಿಚ್ಚೋ ಗಂಟು ಹಾಕತೇನಿ. ಕುಡಗೋಲು ಬಾಗಲ ಹೊರಗ ಇಡತೇನಿ" ಎಂದು ಅಜ್ಜ ಮುಗಿಸಿದ.

ಅಷ್ಟು ಹೊತ್ತೂ ಕಟ್ಟೆಯ ಮೇಲೆ ಯಾರೂ ಕೆಮ್ಮಲಿಲ್ಲ. ಮೊಬೈಲು ನೋಡುತ್ತಿದ್ದ ಹುಡುಗರೂ ತಲೆಯೆತ್ತಿ ಕೇಳಿದರು. ನಾನು ನನ್ನ ಹಾಳೆಯತ್ತ ನೋಡಿದೆ. ಅಲ್ಲಿ ಏಳನೆಯ ಸೂಚನೆ "ಜಾನುವಾರುಗಳನ್ನು ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸತಕ್ಕದ್ದು" ಎಂದಿತ್ತು. ಗಂಟಿನ ಮಾತು ಅದರಲ್ಲಿ ಇರಲಿಲ್ಲ. ಕೃಷಿ ಡಿಪ್ಲೊಮಾ ಓದುವಾಗ ನನಗೆ ಅದನ್ನು ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಇಂಥ ಮಾತನ್ನು ಉಳಿಸುವುದು ಹೇಗೆ? ಅದನ್ನು ಕಾಣದ ಹುಡುಗರಿಗೂ, ಪಕ್ಕದ ಊರಿನವರಿಗೂ ಮುಟ್ಟಿಸುವುದು ಹೇಗೆ? ಇದಕ್ಕೆ ಕಡಿಮೆ ಖರ್ಚಿನ, ಹಳ್ಳಿಯವರೇ ಮಾಡಿಕೊಳ್ಳಬಹುದಾದ ಒಂದು ದಾರಿಯುಂಟು. ಅದು ಚಿತ್ರಕಥೆ. ಈ ಸಂಚಿಕೆಯಲ್ಲಿ ಅದನ್ನು ಕುರಿತು ತಿಳಿಸುತ್ತೇನೆ.

ಚಿತ್ರಕಥೆ ನಮಗೆ ಹೊಸದಲ್ಲ

ಚಿತ್ರಕಥೆ ಎಂದರೆ ಮಕ್ಕಳ ಪುಸ್ತಕದಲ್ಲಿ ಬರುವಂತೆ ಚೌಕ ಚೌಕವಾಗಿ ಚಿತ್ರ ಬರೆದು, ಮಾತನಾಡುವವರ ತಲೆಯ ಮೇಲೆ ಗುಳ್ಳೆ ಬರೆದು, ಅದರೊಳಗೆ ಅವರ ಮಾತನ್ನು ತುಂಬಿ ಹೇಳುವ ಕಥೆ. ಒಂದು ಚೌಕದಿಂದ ಇನ್ನೊಂದಕ್ಕೆ ಕಣ್ಣು ಸರಿದಂತೆ ಹೊತ್ತೂ ಸರಿಯುತ್ತದೆ.

"ಇದು ಹುಡುಗರ ಆಟ" ಎನ್ನಬೇಡಿ. ನಿಮ್ಮ ಊರ ಹೊರಗೆ, ಹನುಮಪ್ಪನ ಗುಡಿಯ ಬಳಿಯೋ ಹೊಲದ ಬದುವಿನಲ್ಲೋ ವೀರಗಲ್ಲು ಇದ್ದರೆ ಹೋಗಿ ನೋಡಿ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಎದುರು ಅವನು ಕುಳಿತಿದ್ದಾನೆ, ನೆತ್ತಿಯಲ್ಲಿ ಸೂರ್ಯ ಚಂದ್ರರು. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳೇ ಎಷ್ಟೋ ಇವೆ. ಅಕ್ಷರ ಬಾರದವನೂ ಆ ಕಲ್ಲನ್ನು ಓದಬಲ್ಲ. ನಮ್ಮ ಹಿರಿಯರು ಕಲ್ಲಿನಲ್ಲಿ ಮಾಡಿದ್ದನ್ನು ನಾವು ಕಾಗದದಲ್ಲಿ ಮಾಡೋಣ ಎನ್ನುವುದಷ್ಟೇ ನನ್ನ ಮಾತು. ಒಂದು ವ್ಯತ್ಯಾಸವುಂಟು. ವೀರಗಲ್ಲು ಸತ್ತವರ ಕಥೆ ಹೇಳುತ್ತದೆ. ನಮಗೆ ಬೇಕಾದದ್ದು ಬದುಕಿ ಉಳಿದವರ ಕಥೆ.

ಕಥೆಯಿಂದ ಜೀವ ಉಳಿಯುವುದೇ?

ನೀವು ಹೀಗೆ ಕೇಳುವುದು ಸರಿಯೇ. ಇದಕ್ಕೆ ಉತ್ತರ ಇಂಡೋನೇಷ್ಯಾದ ಸಿಮೆಯುಲುವೆ ಎಂಬ ದ್ವೀಪದಲ್ಲಿದೆ. 1907 ರಲ್ಲಿ ಅಲ್ಲಿ ನೆಲ ನಡುಗಿ, ಸಮುದ್ರ ಉಕ್ಕಿ ಬಂದು ಬಹಳ ಜನ ಸತ್ತರು. ಉಳಿದವರು ಮಕ್ಕಳಿಗೆ, ಮಕ್ಕಳು ಮೊಮ್ಮಕ್ಕಳಿಗೆ ಆ ಕಥೆ ಹೇಳುತ್ತ ಬಂದರು. ನೆಲ ಜೋರಾಗಿ ನಡುಗಿ, ಬಳಿಕ ಕಡಲು ಹಿಂದಕ್ಕೆ ಸರಿದರೆ ಮೀನು ಹೆಕ್ಕಲು ಹೋಗಬೇಡ, ಗುಡ್ಡಕ್ಕೆ ಓಡು ಎಂಬುದು ಅದರ ತಿರುಳು. ಆ ಅಲೆಗೆ ಅವರು ಸ್ಮಾಂಗ್ ಎಂದು ಹೆಸರಿಟ್ಟಿದ್ದರು. 2004 ರ ಡಿಸೆಂಬರ್ 26 ರಂದು ಮಹಾ ಸುನಾಮಿ ಬಂದಾಗ ದ್ವೀಪದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. "ಸ್ಮಾಂಗ್" ಎಂಬ ಕೂಗು ಕೇಳಿದೊಡನೆ ಅವರು ಗುಡ್ಡ ಹತ್ತಿದರು. ಸತ್ತವರು ಏಳು ಜನ ಮಾತ್ರ. ಹತ್ತಿರದ ಸುಮಾತ್ರಾ ತೀರದಲ್ಲಿ ಲಕ್ಷಕ್ಕೂ ಮೀರಿ ಜನ ಸತ್ತರು.

ಅಲ್ಲಿ ಬಾಯಿಮಾತಿನ ಕಥೆಯೇ ಸಾಕಾಯಿತು. ಹಾಗಾದರೆ ನಮಗೆ ಚಿತ್ರವೇಕೆ? ನಮ್ಮ ಮನೆಗಳಲ್ಲಿ ಸಂಜೆ ಅಜ್ಜಿಯ ಸುತ್ತ ಮಕ್ಕಳು ಕೂರುವುದು ಕಡಿಮೆಯಾಗಿದೆ. ಟಿ.ವಿ. ಬಂತು, ಮೊಬೈಲು ಬಂತು. ದುಡಿಯಲು ಊರು ಬಿಟ್ಟವರೂ ಬಹಳ. ನಮ್ಮ ಭಾಗದಲ್ಲಿ 2009 ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ನೆರೆ ಬಂತು. ಬಳಿಕ 2019 ರ ಆಗಸ್ಟಿನಲ್ಲಿ ಬಂತು. ನಡುವೆ ಹತ್ತು ವರ್ಷ. ಅಷ್ಟರಲ್ಲಿ ಒಂದು ತಲೆಯ ಹುಡುಗರು ನೆರೆಯನ್ನೇ ಕಾಣದೆ ಬೆಳೆದಿದ್ದರು. ಮೊದಲ ನೆರೆಯಲ್ಲಿ ಕಲಿತದ್ದನ್ನು ಎರಡನೆಯದರಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾದ ಮನೆಗಳನ್ನು ನಾನು ಬಲ್ಲೆ. ಗೋಡೆಯ ಮೇಲಿನ ಚಿತ್ರ ಹೇಳುವವರು ಇಲ್ಲದಾಗಲೂ ಹೇಳುತ್ತಿರುತ್ತದೆ.

ಮುಳುಗಿದ ಒಂದು ಪಟ್ಟಣದ ಚಿತ್ರಕಥೆ

ಪಾರಾದವರ ಮಾತನ್ನು ಚಿತ್ರಕಥೆ ಮಾಡುವುದು ಹೇಗೆಂಬುದಕ್ಕೆ ಒಳ್ಳೆಯ ಮಾದರಿ ಅಮೆರಿಕದಲ್ಲಿದೆ. ಅಲ್ಲಿ ಮಿಸಿಸಿಪ್ಪಿ ನದಿಯ ದಡದ ನ್ಯೂ ಆರ್ಲಿಯನ್ಸ್ ಪಟ್ಟಣದ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ನಮ್ಮ ಕೆರೆ ಏರಿಗಳಂತೆ ಅಲ್ಲಿ ಊರಿನ ಸುತ್ತ ಏರಿ ಹಾಕಿ, ತಡೆಗೋಡೆ ಕಟ್ಟಿ ನೀರನ್ನು ಹೊರಗೆ ನಿಲ್ಲಿಸಿದ್ದಾರೆ. 2005 ರ ಆಗಸ್ಟ್ 29 ರಂದು ಕತ್ರಿನಾ ಎಂಬ ಚಂಡಮಾರುತ ಬಡಿಯಿತು. ಏರಿಗಳೂ ಗೋಡೆಗಳೂ ಹಲವು ಕಡೆ ಒಡೆದವು. ಊರಿನ ನೂರಕ್ಕೆ ಎಂಬತ್ತು ಪಾಲು ನೀರಿನಲ್ಲಿ ನಿಂತಿತು. ಆ ಚಂಡಮಾರುತದಿಂದ ಒಟ್ಟು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಜೋಶ್ ನ್ಯೂಫೆಲ್ಡ್ ಎಂಬ ಚಿತ್ರಕಾರ ಆಮೇಲೆ ರೆಡ್ ಕ್ರಾಸ್ ಸ್ವಯಂಸೇವಕನಾಗಿ ನೆರೆಯ ಮಿಸಿಸಿಪ್ಪಿ ರಾಜ್ಯಕ್ಕೆ ಹೋಗಿ ಸಂತ್ರಸ್ತರಿಗೆ ಊಟ ಹಂಚಿದ. ಮುಂದೆ ನ್ಯೂ ಆರ್ಲಿಯನ್ಸಿನ ಕೆಲವು ನಿಜವಾದ ಜನರನ್ನು ಕಂಡು, ಅವರ ಮಾತು ಕೇಳಿ, 2007 ಮತ್ತು 2008 ರಲ್ಲಿ ಅಂತರಜಾಲದ ಒಂದು ಪತ್ರಿಕೆಯಲ್ಲಿ ಕಂತು ಕಂತಾಗಿ ಚಿತ್ರಕಥೆ ಬರೆದ. ಅದು 2009 ರಲ್ಲಿ "ಎ.ಡಿ.: ನ್ಯೂ ಆರ್ಲಿಯನ್ಸ್ ಆಫ್ಟರ್ ದ ಡೆಲ್ಯೂಜ್" ಎಂಬ ಪುಸ್ತಕವಾಯಿತು. ಪ್ರಳಯದ ನಂತರದ ನ್ಯೂ ಆರ್ಲಿಯನ್ಸ್ ಎಂದು ಅದರ ಅರ್ಥ.

ಅದರಲ್ಲಿ ಒಬ್ಬ ಕಿರಾಣಿ ಅಂಗಡಿಯವನಿದ್ದಾನೆ. ಊರು ಬಿಡಿ ಎಂದು ಆಗಸ್ಟ್ 28 ರಂದೇ ನಗರದ ಅಧ್ಯಕ್ಷರು ಆಜ್ಞೆ ಮಾಡಿದ್ದರು. ಅವನು ಬಿಡಲಿಲ್ಲ. ಅಂಗಡಿ ಲೂಟಿಯಾದರೆ ಬದುಕೇ ಹೋದಂತೆ. ಒಬ್ಬ ಗೆಳೆಯನನ್ನು ಜೊತೆಗಿಟ್ಟುಕೊಂಡು ಕಾವಲಿಗೆ ನಿಂತ. ಗಾಳಿ ಹೋಯಿತು, ಬಚಾವಾದೆವು ಎಂದುಕೊಂಡರು. ಆಮೇಲೆ ನೀರು ಬಂತು, ಏರುತ್ತ ಹೋಯಿತು. ಇಬ್ಬರೂ ಮಾಡು ಹತ್ತಿ ಕುಳಿತರು. ಗೆಳೆಯನಿಗೆ ಉಬ್ಬಸ. ಸರಕೆಲ್ಲ ಹಾಳಾಯಿತು, ಕೊನೆಗೆ ಅಂಗಡಿ ಬಿಟ್ಟೇ ಹೊರಡಬೇಕಾಯಿತು.

ಇನ್ನೊಬ್ಬಳು ಹೆಂಗಸು. ಮನೆಯವರೊಡನೆ ಊರಲ್ಲೇ ಉಳಿದಳು. ಆಮೇಲೆ ಅವಳಿಗೆ ಒಂದು ದೊಡ್ಡ ಸಭಾಭವನದಲ್ಲಿ ಆಸರೆ. ಅಲ್ಲಿ ಸಾವಿರಾರು ಜನ ಅನ್ನನೀರಿಲ್ಲದೆ ಬಿಸಿಲಲ್ಲಿ ಬಸ್ಸಿಗಾಗಿ ಕಾದರು. ಮತ್ತೊಬ್ಬ ಯುವಕ ಹೆಂಗಸಿನೊಡನೆ ಮೊದಲೇ ಊರು ಬಿಟ್ಟು ಜೀವ ಉಳಿಸಿಕೊಂಡ. ಚಿಕ್ಕಂದಿನಿಂದ ಕೂಡಿಸಿದ್ದ ಹದಿನೈದು ಸಾವಿರ ಚಿತ್ರಕಥೆ ಪುಸ್ತಕಗಳು ಮಾತ್ರ ನೀರುಪಾಲಾದವು.

ಇವರಲ್ಲಿ ಯಾರನ್ನೂ ಆ ಚಿತ್ರಕಾರ ದಡ್ಡನೆಂದು ತೋರಿಸಿಲ್ಲ, ದೇವರೆಂದೂ ತೋರಿಸಿಲ್ಲ. ಅಂಗಡಿಯವನು ಏಕೆ ಉಳಿದ ಎನ್ನುವುದನ್ನು ಮೊದಲು ಹೇಳುತ್ತಾನೆ. ಓದುವವನು "ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ" ಎನ್ನುತ್ತಾನೆ. ಹಾಗೆಂದ ಮೇಲೆ ಏರುವ ನೀರನ್ನು ನೋಡಿದರೆ ಅವನೆದೆ ಝಲ್ಲೆನ್ನುತ್ತದೆ. ನಮ್ಮಲ್ಲಿ ಮನೆ ಬಿಡಲು ಒಪ್ಪದವರೂ ಹೀಗೆಯೇ. ದನ ಬಿಟ್ಟು ಹೇಗೆ ಬರಲಿ, ಕಾಳಿನ ಚೀಲ ಬಿಟ್ಟು ಹೇಗೆ ಬರಲಿ, ಹೋದ ಸಲ ನೀರು ಮೆಟ್ಟಿಲಿಗೇ ನಿಂತಿತ್ತಲ್ಲ ಎನ್ನುತ್ತಾರೆ. ಇದು ಮೊಂಡುತನವಲ್ಲ, ಲೆಕ್ಕಾಚಾರ. ಆ ಲೆಕ್ಕ ಯಾವ ಗಳಿಗೆಯಲ್ಲಿ ತಪ್ಪಿತು ಎನ್ನುವುದನ್ನು ಸೂಚನಾಪತ್ರ ತೋರಿಸಲಾರದು. ಹೊತ್ತು ಹೊತ್ತಿನ ಚೌಕಗಳು ತೋರಿಸುತ್ತವೆ.

ಹುಲ್ಲಿನ ಬಣವೆಗೆ ಬೆಂಕಿಯಿಟ್ಟವನು

ಎರಡನೆಯ ಉದಾಹರಣೆ ಜಪಾನಿನದು, ರೈತರಿಗೆ ಇನ್ನೂ ಹತ್ತಿರದ್ದು. 1854 ರ ಡಿಸೆಂಬರ್ 24 ರಂದು ಹಿರೊ ಎಂಬ ಕಡಲತೀರದ ಹಳ್ಳಿಯಲ್ಲಿ ಭೂಕಂಪವಾಗಿ ಸುನಾಮಿ ಬಂತು. ಹಮಗುಚಿ ಗೊರ್ಯೊ ಎಂಬ ಸಾಹುಕಾರ ಬತ್ತದ ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿಸಿದ. ಕತ್ತಲಲ್ಲಿ ದಾರಿ ತಪ್ಪಿದವರು ಆ ಬೆಳಕಿನ ಜಾಡು ಹಿಡಿದು ಎತ್ತರದ ಗುಡಿಯನ್ನು ಸೇರಿಕೊಂಡರು. ಈ ಕಥೆ 1937 ರಿಂದ 1947 ರವರೆಗೆ ಜಪಾನಿನ ಶಾಲಾ ಪಾಠವಾಗಿತ್ತು. ಒಂದೊಂದೇ ಚಿತ್ರದ ಹಾಳೆಯನ್ನು ಸರಿಸುತ್ತ ಕಥೆ ಹೇಳುವ ಪದ್ಧತಿ ಅವರಲ್ಲಿದೆ. ಅದಕ್ಕೆ ಕಾಮಿಶಿಬಾಯಿ ಎನ್ನುತ್ತಾರೆ. ಹಾಗೆಯೂ ಈ ಕಥೆಯನ್ನು ಮಕ್ಕಳಿಗೆ ಹೇಳುತ್ತಾರೆ. ವಿಶ್ವಸಂಸ್ಥೆ ನವೆಂಬರ್ 5 ನ್ನು ವಿಶ್ವ ಸುನಾಮಿ ಜಾಗೃತಿ ದಿನವೆಂದು 2015 ರಲ್ಲಿ ಗೊತ್ತುಮಾಡಿದ್ದಕ್ಕೂ ಈ ಘಟನೆಯೇ ಕಾರಣ. ಜಪಾನಿನ ಹಳೆಯ ಪಂಚಾಂಗದಲ್ಲಿ ಅದು ಹನ್ನೊಂದನೆಯ ತಿಂಗಳ ಐದನೆಯ ದಿನ.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಪಾಠದ ಕಥೆಯಲ್ಲಿ ಅವನು ಗುಡ್ಡದ ಮೇಲಿನ ಮುದುಕ. ಆಗ ತಾನೇ ಕೊಯ್ದ ತೆನೆಯ ಸಿವುಡಿಗೇ ಬೆಂಕಿಯಿಡುತ್ತಾನೆ. ಬೆಂಕಿ ಆರಿಸಲು ಊರವರು ಮೇಲಕ್ಕೆ ಓಡಿ ಬಂದು ಉಳಿಯುತ್ತಾರೆ. ನಿಜವಾಗಿ ಅವನಿಗೆ ಆಗ ಮೂವತ್ತನಾಲ್ಕು ವರ್ಷ. ಸುಟ್ಟದ್ದು ಹುಲ್ಲು, ಬೆಳಕಿಗಾಗಿ. ಕಥೆಯನ್ನು ಚೆಂದ ಮಾಡುವ ಭರದಲ್ಲಿ ಇನ್ನೊಂದು ಮುಖ್ಯ ಸಂಗತಿಯೂ ಹಿಂದಾಯಿತು. ನೀರು ಇಳಿದ ಮೇಲೆ ಗೊರ್ಯೊ ತನ್ನ ಮನೆತನದ ಹಣ ಹಾಕಿ, ಮನೆಮಠ ಕಳೆದುಕೊಂಡ ಊರವರಿಗೇ ಕೂಲಿ ಕೊಟ್ಟು, ಸುಮಾರು ನಾಲ್ಕು ವರ್ಷ ದುಡಿಸಿ ಕಡಲಿಗೆ ಅಡ್ಡಲಾಗಿ ದೊಡ್ಡ ಏರಿ ಹಾಕಿಸಿದ. ಅದರ ಉದ್ದ ಸುಮಾರು ಆರು ನೂರು ಮೀಟರ್, ಎತ್ತರ ಐದು ಮೀಟರ್. 1946 ರಲ್ಲಿ ಮತ್ತೆ ಸುನಾಮಿ ಬಂದಾಗ ಆ ಏರಿ ಊರಿನ ಬಹುಭಾಗವನ್ನು ಕಾಯಿತು. ಬೆಂಕಿ ಒಂದು ರಾತ್ರಿಯನ್ನು ಉಳಿಸಿತು, ಏರಿ ಮುಂದಿನ ಪೀಳಿಗೆಯನ್ನು ಉಳಿಸಿತು. ನಾವು ಚಿತ್ರಕಥೆ ಮಾಡುವಾಗ ನಡೆದದ್ದನ್ನು ನಡೆದಂತೆ ಬರೆಯೋಣ. ನೀರು ಇಳಿದ ಮೇಲಿನ ಕೆಲಸವನ್ನೂ ಬಿಡದಿರೋಣ.

ನಾಲ್ಕು ಚೌಕದ ಗೋಡೆಕಥೆ

ಪುಸ್ತಕ ಬರೆಯಲು ನಮಗೆ ಪುರುಸೊತ್ತಿಲ್ಲ, ಅದರ ಅಗತ್ಯವೂ ಇಲ್ಲ. ನಮ್ಮ ದೇಶದಲ್ಲಿ ಶರದ್ ಶರ್ಮಾ ಎಂಬ ವ್ಯಂಗ್ಯಚಿತ್ರಕಾರರು ಆರಂಭಿಸಿದ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಎಂಬ ಸಂಸ್ಥೆಯವರು ಹಳ್ಳಿಯ ಜನರೇ ತಮ್ಮ ಕಥೆಯನ್ನು ತಾವೇ ಬರೆಯುವ ಒಂದು ಸುಲಭ ಕ್ರಮವನ್ನು ಹಲವು ರಾಜ್ಯಗಳಲ್ಲಿ ಕಲಿಸಿದ್ದಾರೆ. ಝೆರಾಕ್ಸ್ ಅಂಗಡಿಯ ಎರಡು ಎ-4 ಹಾಳೆ ಜೋಡಿಸಿ, ಅದರಲ್ಲಿ ನಾಲ್ಕು ಚೌಕ ಮಾಡಿ ಕಥೆ ಬರೆಯುವುದು. ಪ್ರತಿ ತೆಗೆಸಿ ಊರಿನ ಗೋಡೆಗಳಿಗೆ ಅಂಟಿಸುವುದು. ಆ ಕ್ರಮವನ್ನು ನಮ್ಮ ಕೆಲಸಕ್ಕೆ ಹೊಂದಿಸಿ ಇಲ್ಲಿ ಕೊಟ್ಟಿದ್ದೇನೆ.

1. ಒಬ್ಬರನ್ನು ಕೇಳಿ. ಇಡೀ ನೆರೆಯ ಕಥೆ ಬೇಡ. ಒಬ್ಬರದು, ಒಂದು ರಾತ್ರಿಯದು ಸಾಕು. ನೀರು ಮೊದಲು ಎಲ್ಲಿ ಕಾಣಿಸಿತು? ಆಗ ಎಷ್ಟು ಹೊತ್ತು? ಯಾವ ದಾರಿ ಹಿಡಿದಿರಿ? ಏನನ್ನು ಬಿಟ್ಟು ಬಂದಿರಿ? ಈಗ ಅದೇ ನೀರು ಬಂದರೆ ಏನು ಬೇರೆ ಮಾಡುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಹೆಂಗಸರನ್ನು ತಪ್ಪದೆ ಕೇಳಿ. ಒಲೆ, ಕೂಸು, ಬಾಣಂತಿ, ಮುದುಕರು, ಕಾಗದಪತ್ರಗಳು ಇವುಗಳ ಕಷ್ಟ ಅವರಿಗೆ ಗೊತ್ತು.

2. ನಾಲ್ಕಾಗಿ ಒಡೆಯಿರಿ. ಮೊದಲ ಚೌಕದಲ್ಲಿ ಯಾರು, ಎಲ್ಲಿ, ಏನು ಮಾಡುತ್ತಿದ್ದರು. ಎರಡರಲ್ಲಿ ಕಷ್ಟ ಹತ್ತಿರ ಬಂತು. ಮೂರರಲ್ಲಿ ಏನಾದರೊಂದು ಮಾಡಲೇಬೇಕಾದ ಗಳಿಗೆ. ನಾಲ್ಕರಲ್ಲಿ ಏನಾಯಿತು, ಇನ್ನು ಏನು ಮಾಡಬೇಕು.

3. ನೀರಿನ ಮಟ್ಟಕ್ಕೆ ಒಂದು ಗುರುತು ಇಡಿ. ಗುಡಿಯ ಮೆಟ್ಟಿಲೋ ಬೇವಿನ ಮರದ ಕಟ್ಟೆಯೋ ನಾಲ್ಕೂ ಚೌಕದಲ್ಲಿ ಬರಲಿ. ಒಂದರಲ್ಲಿ ಮೂರು ಮೆಟ್ಟಿಲು ಕಂಡು, ಮುಂದಿನದರಲ್ಲಿ ಒಂದೇ ಕಂಡರೆ ನೀರು ಏರಿದ್ದನ್ನು ಬರೆದು ಹೇಳಬೇಕಾಗಿಲ್ಲ. ಅದು ನಮ್ಮೂರಿನದೇ ಮೆಟ್ಟಿಲಾದ್ದರಿಂದ ನೋಡುವವನು ತನ್ನ ಮನೆಯ ಲೆಕ್ಕ ತಾನೇ ಹಾಕುತ್ತಾನೆ.

4. ಚಿತ್ರ ಸರಳವಾಗಿರಲಿ. ಮೊದಲು ಪೆನ್ಸಿಲು, ಆಮೇಲೆ ಕಪ್ಪು ಶಾಯಿ. ಮುಖ ಅಷ್ಟಕ್ಕಷ್ಟೇ ಬಂದರೂ ಚಿಂತೆಯಿಲ್ಲ. ಒಬ್ಬನನ್ನು ನಾಲ್ಕೂ ಕಡೆ ಗುರುತಿಸುವಂತೆ ಪಟಕಾ, ಮೀಸೆ, ಹೆಂಗಸಾದರೆ ಮೂಗುತಿ, ಹೀಗೆ ಒಂದು ಚಿಹ್ನೆ ಇಡಿ. ಹೈಸ್ಕೂಲಿನಲ್ಲಿ ಚಿತ್ರ ಬರೆಯುವ ಕೈ ಒಂದಾದರೂ ಸಿಕ್ಕೇ ಸಿಗುತ್ತದೆ.

5. ಮಾತು ಕಡಿಮೆ. ಹೇಳಿದವರ ಬಾಯಲ್ಲಿ ಬಂದಂತೆ ಬರೆಯಿರಿ. ಕಚೇರಿ ಕನ್ನಡ ಬೇಡ. ಅಕ್ಷರ ಬರೆದ ಮೇಲೆ ಸುತ್ತ ಗುಳ್ಳೆ ಹಾಕಿ. ಗುಳ್ಳೆ ಮೊದಲು ಹಾಕಿದರೆ ಜಾಗ ಸಾಲದೆ ಅಕ್ಷರ ಇರುಕುತ್ತವೆ. ಒಂದು ಮಾರು ದೂರ ನಿಂತು ಓದಲು ಬರಬೇಕು.

6. ತೋರಿಸಿ, ತಿದ್ದಿ. ಮೊದಲು ಕಥೆ ಹೇಳಿದವರಿಗೆ ತೋರಿಸಿ. ಆಮೇಲೆ ಓದು ಬಾರದ ಒಬ್ಬರಿಗೆ ತೋರಿಸಿ, "ಇದರಲ್ಲಿ ಏನಾಗಿದೆ?" ಎಂದು ಕೇಳಿ. ಅವರು ಹೇಳಲಾರದೆ ಹೋದರೆ ತಪ್ಪು ಅವರದಲ್ಲ, ಚಿತ್ರದ್ದು.

7. ಜನ ನಿಲ್ಲುವಲ್ಲಿ ಅಂಟಿಸಿ. ಹಿಟ್ಟಿನ ಗಿರಣಿ, ಹಾಲಿನ ಡೈರಿ, ಚಹಾದಂಗಡಿ, ಬಸ್ಸಿನ ನಿಲ್ದಾಣ, ನ್ಯಾಯಬೆಲೆ ಅಂಗಡಿ. ಇಲ್ಲೆಲ್ಲ ಜನ ಕಾಯುತ್ತ ನಿಂತಿರುತ್ತಾರೆ. ಸೂರಿನ ಕೆಳಗೆ, ಕಣ್ಣಿನ ಎತ್ತರಕ್ಕೆ ಇರಲಿ. ಗೋಡೆಯ ಒಡೆಯರನ್ನು ಕೇಳಿ ಅಂಟಿಸಿ.

ಖರ್ಚು ಕಾಗದ, ಶಾಯಿ, ಝೆರಾಕ್ಸು, ಒಂದಿಷ್ಟು ಮೈದಾ ಅಂಟು. ಅಷ್ಟೇ.

ಮೀರಬಾರದ ಮಿತಿಗಳು

ಪಾರಾದವರ ಕಥೆ ಅವರ ಗಾಯವೂ ಹೌದು. ಹೇಳಲು ಒಲ್ಲೆ ಎಂದವರನ್ನು ಮತ್ತೆ ಕೇಳಬೇಡಿ. ಹೇಳುತ್ತ ಹೇಳುತ್ತ ಗಂಟಲು ಕಟ್ಟಿದರೆ ಕಾಗದ ಮಡಿಚಿಟ್ಟು ಸುಮ್ಮನೆ ಜೊತೆಗೆ ಕುಳಿತಿರಿ. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ. ಸತ್ತವರ ದೇಹವನ್ನು ಚಿತ್ರಿಸಬೇಡಿ. ಖಾಲಿ ತೊಟ್ಟಿಲು, ಖಾಲಿ ಗೂಟ ಸಾಕು, ನೋಡುವವನಿಗೆ ತಿಳಿಯುತ್ತದೆ. ನೆರೆಮನೆಯವರನ್ನು, ಇನ್ನೊಂದು ಓಣಿಯವರನ್ನು ಹಳಿಯಲು ಚಿತ್ರವನ್ನು ಬಳಸಬೇಡಿ. ಊರು ಒಡೆದರೆ ಮುಂದಿನ ನೆರೆಯಲ್ಲಿ ಕೈ ಹಿಡಿಯುವವರು ಇಲ್ಲದಂತಾಗುತ್ತದೆ.

ಇನ್ನೊಂದು ಮಾತು. ಕಥೆ ತಪ್ಪು ಪಾಠವನ್ನೂ ಕಲಿಸಬಹುದು. ಅಜ್ಜನ ಕಥೆಯನ್ನು ಹಾಗೆಯೇ ಬರೆದರೆ "ಎದೆಮಟ್ಟ ನೀರಿದ್ದರೂ ಎತ್ತಿಗಾಗಿ ಮರಳಿ ಹೋಗು" ಎಂದು ಹುಡುಗರು ಕಲಿತಾರು. ಹರಿಯುವ ನೀರು ಮೊಣಕಾಲಿನಷ್ಟಿದ್ದರೂ ಗಟ್ಟಿ ಆಳನ್ನು ಕೆಡವಬಲ್ಲದು. ಆದ್ದರಿಂದ ಕೊನೆಯ ಚೌಕ ಯಾವುದೆಂದು ಹೇಳಿದವರೊಡನೆ ಕುಳಿತು ವಿಚಾರ ಮಾಡಿ. ತಾಲ್ಲೂಕು ಆಡಳಿತದಿಂದ, ಪಂಚಾಯಿತಿಯಿಂದ ಊರು ಬಿಡಲು ಸೂಚನೆ ಬಂದಾಗ ಚಿತ್ರ ನೋಡುತ್ತ ನಿಲ್ಲಬೇಡಿ. ಆ ಸೂಚನೆ ಬಂದೊಡನೆ ಕಾಲು ತಾನಾಗಿ ಏಳುವಂತೆ ಮನಸ್ಸನ್ನು ಮೊದಲೇ ಹದಗೊಳಿಸುವುದಷ್ಟೇ ಚಿತ್ರಕಥೆಯ ಕೆಲಸ.

ಅಜ್ಜನ ನಾಲ್ಕು ಚೌಕ

ಹೀಗೆಲ್ಲ ತಿಳಿದುಕೊಂಡು ಅದೇ ಊರಿನ ಹೈಸ್ಕೂಲು ಹುಡುಗರಿಬ್ಬರು, ಒಬ್ಬಳು ಹುಡುಗಿ, ನಾನು ಸೇರಿ ಅಜ್ಜನ ಕಥೆ ಬರೆದೆವು. ಹುಡುಗಿಯ ಕೈ ಬಹಳ ಚೆನ್ನಾಗಿತ್ತು. ಕಣ್ಣಿ, ಗೂಟ, ಕುಡಗೋಲು ಎಲ್ಲ ಬಂತು. ಸತ್ತ ಎತ್ತಿನ ನೆನಪು ಅಜ್ಜನಿಗೆ ನೋವು ಕೊಟ್ಟೀತೆಂದು ನಾವು ಕೊಟ್ಟಿಗೆಯಲ್ಲಿ ಒಂದೇ ಎತ್ತನ್ನು ಬರೆದಿದ್ದೆವು.

ಅಜ್ಜ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಇನ್ನೊಂದು ಎಲ್ಲೈತವ್ವಾ?" ಎಂದು ಹುಡುಗಿಯನ್ನು ಕೇಳಿದ. ಅವಳು ನನ್ನ ಮುಖ ನೋಡಿದಳು. ನಾನು ನಮ್ಮ ಆಲೋಚನೆಯನ್ನು ಹೇಳಿದೆ.

"ಅದನ್ನೂ ಬರೀರಿ" ಎಂದ ಅಜ್ಜ. "ಅದು ಹೋಗಿದ್ದಕ್ಕ ನಾ ಇಷ್ಟು ಹೇಳಿದ್ದು. ಅದನ್ನ ಬಿಟ್ಟರ ನಾ ಏನೋ ಶೂರ ಅಂತ ಆಗತೈತಿ. ನಾ ಶೂರ ಅಲ್ಲ. ಸಂಜೀಕ ಬಿಚ್ಚಬೇಕಾಗಿತ್ತು, ಬಿಚ್ಚಲಿಲ್ಲ."

ಆ ಮಾತಿನಿಂದಲೇ ನಮ್ಮ ಚೌಕಗಳು ಬದಲಾದವು. ಮೊದಲ ಚೌಕ: ಸಂಜೆ. ನೀರು ಗುಡಿಯ ಕೆಳಗಿನ ಮೆಟ್ಟಿಲಿಗೆ ಬಂದಿದೆ. ಅಜ್ಜ ಎತ್ತುಗಳಿಗೆ ಮೇವು ಹಾಕುತ್ತ "ಇಷ್ಟಕ್ಕ ನಿಲ್ಲತೈತಿ" ಎನ್ನುತ್ತಾನೆ. ಎರಡು: ಕತ್ತಲು, ಮೂರು ಮೆಟ್ಟಿಲು ಮುಳುಗಿವೆ, ಮನೆಯವರೆಲ್ಲ ದಿನ್ನೆಯ ಮೇಲೆ. ಕೊಟ್ಟಿಗೆಯಿಂದ ಎತ್ತಿನ ಕೂಗು. ಮೂರು: ಬಿಗಿದ ಗಂಟು, ಅಜ್ಜನ ಬೆರಳು, ಕುಡಗೋಲು; ಪಕ್ಕದಲ್ಲಿ ವಾಲುತ್ತಿರುವ ಗೋಡೆ. ನಾಲ್ಕು: ಬೆಳಗು. ಒಂದು ಎತ್ತು, ಒಂದು ಖಾಲಿ ಗೂಟ. ಅಜ್ಜನ ಮಾತು: "ನೀರು ಕೆಳಗಿನ ಮೆಟ್ಟಲಿಗೆ ಬಂದಾಗ ಕಣ್ಣಿ ಬಿಚ್ಚರಿ. ಅಂಗಳಕ್ಕ ಬಂದ ಮ್ಯಾಲ ನನ್ನಂಗ ತಿರುಗಿ ಹೋಗಬ್ಯಾಡ್ರಿ."

ಅದನ್ನು ಹಿಟ್ಟಿನ ಗಿರಣಿಗೂ ಡೈರಿಗೂ ಅಂಟಿಸಿದೆವು. ಬೀಸಲು ಬಂದ ಹೆಂಗಸರು ತಮ್ಮ ತಮ್ಮ ಮನೆಯ ಕಥೆ ತೆಗೆದರು. ಒಬ್ಬ ತಾಯಿ, ಹೊಲದ ಉತಾರೆ ಮತ್ತು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಡುವಿಗೆ ಕಟ್ಟಿಕೊಂಡು ಹೋದದ್ದನ್ನು ಹೇಳಿದಳು. ಅದು ನಮ್ಮ ಎರಡನೆಯ ಕಥೆಯಾಗಲಿದೆ. ಮಳೆ ಹಿಡಿದ ಮೇಲೆ ನಾನು ಆ ಊರ ಕೊಟ್ಟಿಗೆಗಳನ್ನು ನೋಡುತ್ತ ಬಂದೆ. ಎಲ್ಲ ಕಡೆ ಅಲ್ಲ, ಕೆಲವು ಕಡೆ ಗಂಟು ಬದಲಾಗಿತ್ತು. ತುದಿ ಹಿಡಿದು ಎಳೆದು ನೋಡಿದೆ, ಬಿಚ್ಚಿಕೊಂಡಿತು. ಮನೆಯೊಡತಿ ಬೈದಳು, ಮತ್ತೆ ಕಟ್ಟಿಕೊಟ್ಟೆ.

ರೈತ ಬಾಂಧವರೇ, ನಮ್ಮ ಬ್ಲಾಕಿನ ಪ್ರತಿ ಹಳ್ಳಿಯಲ್ಲೂ ಇಂಥ ಒಬ್ಬ ಅಜ್ಜನೋ ಅಜ್ಜಿಯೋ ಇದ್ದಾರೆ. ಹೊಳೆ ಇಲ್ಲದ ಊರಿನಲ್ಲಿ ಸಿಡಿಲಿನ ಕಥೆಯಿದೆ, ಬರಗಾಲದ ಕಥೆಯಿದೆ, ಬಣವೆಗೆ ಬೆಂಕಿ ಬಿದ್ದ ಕಥೆಯಿದೆ. ಅವರೊಡನೆ ಆ ತಿಳುವಳಿಕೆಯೂ ಮಣ್ಣಾಗಬಾರದು. ಮುಂದಿನ ಮುಂಗಾರಿಗೆ ಮುಂಚೆ ಊರಿಗೆ ಒಂದರಂತೆ ಗೋಡೆಕಥೆ ಆಗಲಿ. ಯುವಕ ಮಂಡಳದವರು, ಸ್ವಸಹಾಯ ಸಂಘದ ತಾಯಂದಿರು, ಶಾಲೆಯ ಗುರುಗಳು ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಹಾಳೆ ಮತ್ತು ಶಾಯಿಯೊಡನೆ ನಾನು ಬರುತ್ತೇನೆ. ಕಥೆ ನಿಮ್ಮಲ್ಲಿದೆ.

ಆ ಹನ್ನೊಂದು ಸೂಚನೆಗಳ ಹಾಳೆಯನ್ನು ಚಾವಡಿಯಿಂದ ತೆಗೆದಿಲ್ಲ. ಅದರ ಪಕ್ಕದಲ್ಲಿ ಈಗ ಅಜ್ಜನ ನಾಲ್ಕು ಚೌಕಗಳಿವೆ. ಜನ ಮೊದಲು ಯಾವುದರ ಮುಂದೆ ನಿಲ್ಲುತ್ತಾರೆ ಎಂಬುದನ್ನು ನೀವೇ ಬಂದು ನೋಡಬಹುದು.